ಶುಕ್ರವಾರದೊಳಗೆ ನಿನ್ನ ಸಹಿ

ಹೀದರ್,

ಈ ಕಾಗದ ಅಂಚೆಯಲ್ಲಿ ಬಂದಿಲ್ಲ, ಕೆಳಮನೆಯ ಗ್ಲೆನಿಸ್ ಕೈಯಲ್ಲಿ ಬಂದಿದೆ. ಹೇಸ್ಟಿಂಗ್ಸಿನಿಂದ ಇಪ್ಸ್‌ವಿಚ್‌ವರೆಗೂ ತಾನೇ ಕಾರು ಓಡಿಸಿಕೊಂಡು ಬಂದಿದ್ದಾಳೆ. ಒಳಗೆ ಕರೆದು ಕೂರಿಸು. ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಿಕೊಳ್ಳಬೇಡ. ಓದಿ ಮುಗಿಸುವ ತನಕ ನನಗೆ ಫೋನೂ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಮಾತು ಮುಗಿಸಿದ್ದೇ ಇಲ್ಲ, ಒಬ್ಬರಲ್ಲ ಒಬ್ಬರು ನಡುವೆ ಇಟ್ಟುಬಿಡುತ್ತೇವೆ.

ಜೊತೆಗಿರುವುದು ಮನೆಯ ಗುತ್ತಿಗೆಯ ಅವಧಿ ಹೆಚ್ಚಿಸಬೇಕೆಂದು ನೆಲದೊಡೆಯ ಪೆನ್ನಕ್‌ಗೆ ಕೊಡಬೇಕಾದ ನೋಟಿಸು. ನನ್ನ ಸಹಿ ಆಗಿದೆ. ನಿನ್ನಪ್ಪ ತನ್ನ ಪಾಲನ್ನು ನಿನ್ನ ಹೆಸರಿಗೆ ಮಾಡಿ ಹೋದದ್ದರಿಂದ ನಿನ್ನದೂ ಬೇಕು. ಒಬ್ಬರದೇ ಸಹಿಯಿದ್ದರೆ ಕಾನೂನು ಒಪ್ಪುವುದಿಲ್ಲ. ಶುಕ್ರವಾರದೊಳಗೆ ಇದು ಅವನ ಕೈ ಸೇರಬೇಕು.

ನಾವು ಕೊಂಡದ್ದು ಮನೆಯನ್ನಲ್ಲ, ಮನೆಯಲ್ಲಿ ಇಷ್ಟು ವರ್ಷ ಇರುವ ಗುತ್ತಿಗೆಯನ್ನು. ನೆಲ ಪೆನ್ನಕ್ ಮನೆತನದ್ದು. ಶುಕ್ರವಾರ ಕಳೆದರೆ ಗುತ್ತಿಗೆಯಲ್ಲಿ ಉಳಿಯುವುದು ಎಂಬತ್ತು ವರ್ಷಕ್ಕಿಂತ ಕಡಿಮೆ. ಆ ಗೆರೆ ದಾಟಿದ ಮರುದಿನದಿಂದ ಅವಧಿ ಹೆಚ್ಚಿಸಿಕೊಳ್ಳುವ ಬೆಲೆ ಜಿಗಿಯುತ್ತದೆ. ಈಗಿನ ಬೆಲೆಗೆ ನನ್ನ ಉಳಿತಾಯ ಸಾಲುತ್ತದೆ, ಜಿಗಿದ ಬೆಲೆಗೆ ಸಾಲದು.

“ಎಂಬತ್ತು ವರ್ಷ ಸಾಲ್ದಾ ಅಮ್ಮಾ? ನಿಂಗೀಗ್ಲೇ ಎಪ್ಪತ್ತೆಂಟು. ಇನ್ನೂ ತೊಂಬತ್ತು ಸೇರಿಸ್ಕೊಂಡು ಏನ್ ಮಾಡ್ತೀಯಾ, ಉಪ್ಪಿನಕಾಯಿ ಹಾಕ್ತೀಯಾ?” ಎಂದೆ ನೀನು. ನಗಲಿಲ್ಲ ನಾನು. ಹೀದರ್, ವರ್ಷ ನನಗಲ್ಲ. ನೆಲದೊಡೆಯನಿಗೆ ವರ್ಷವರ್ಷ ಕಟ್ಟುವ ನೆಲಬಾಡಿಗೆ ಹತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತ ಹೋಗುತ್ತದೆ ಎಂಬುದು ನಿನಗೆ ಗೊತ್ತು. ಕಾನೂನಿನ ದಾರಿಯಲ್ಲಿ ಅವಧಿ ಹೆಚ್ಚಿಸಿಕೊಂಡರೆ ಆ ಬಾಡಿಗೆ ಪೂರ್ತಿ ಇಲ್ಲವಾಗುತ್ತದೆ. ಇಲ್ಲದಿದ್ದರೆ ನಾನು ಹೋದ ಮೇಲೆ ಅದನ್ನು ಕಟ್ಟಬೇಕಾದವನು ನೈಜೆಲ್. ಕಡಲದಂಡೆಯ ಕೆಫೆಯಲ್ಲಿ ಪಾತ್ರೆ ತೊಳೆದು ತರುವ ಸಂಬಳದಲ್ಲಿ ನಿನ್ನ ಅಣ್ಣ ಎಷ್ಟು ಸಲ ದುಪ್ಪಟ್ಟು ಕಟ್ಟಿಯಾನು? ಬಾಕಿ ಬಿದ್ದರೆ ಮನೆಯೇ ಪೆನ್ನಕ್ ಪಾಲಾಗಬಹುದು.

ಇಷ್ಟು ತಡವಾಗಲು ಕಾರಣವೇನೆಂದು ನೀನು ಕೇಳುತ್ತೀಯ. ಪೆನ್ನಕ್ ಚಹಾಕ್ಕೆ ಬಂದದ್ದೇ ಕಾರಣ. ಶರತ್ಕಾಲದಲ್ಲಿ ಬಂದ, ಟೋಪಿ ತೆಗೆದು ಕೂತ. “ವಕೀಲರ ಹೊಟ್ಟೆ ಯಾಕೆ ತುಂಬಿಸ್ತೀರಿ, ಮಿಸೆಸ್ ಟ್ಯಾಪ್ಸೆಲ್? ನಿಮ್ಮೆಜಮಾನ್ರು ನಮ್ತಂದೆ ಕಾಲದಿಂದ ಇದ್ದೋರು. ನಾವ್ನಾವೇ ಮುಗಿಸ್ಕೊಳ್ಳೋಣ,” ಎಂದ. ನನ್ನ ಮೇಜಿಗೆ ಕೂತು ಚಹಾ ಕುಡಿಯುತ್ತಿರುವವನ ಹತ್ತಿರ ‘ಬರೆದುಕೊಡಿ’ ಎಂದು ಕೇಳುವುದು ನನ್ನನ್ನು ಬೆಳೆಸಿದವರು ಕಲಿಸಿದ ರೀತಿಯಲ್ಲ. ಕೈಕುಲುಕಿದೆವು, ಮುಗಿಯಿತೆಂದುಕೊಂಡೆ. ಕ್ರಿಸ್ಮಸ್ ಕಳೆಯಿತು. ಒಮ್ಮೆ ಮನೆ ಅಳೆದು ಬೆಲೆ ಕಟ್ಟಬೇಕಿದ್ದ ಅವನ ಕಡೆಯವನು ರಜೆಯಲ್ಲಿದ್ದ, ಒಮ್ಮೆ ಅವನಿಗೇ ಜ್ವರ, ಇನ್ನೊಮ್ಮೆ ಪ್ರಿಂಟರ್ ಕೆಟ್ಟಿತ್ತು.

ಕಣ್ಣು ತೆರೆಸಿದವಳು ಗ್ಲೆನಿಸ್. ಹೋದ ವರ್ಷ ತನ್ನ ಮನೆಯದ್ದನ್ನು ವಕೀಲರಿಂದಲೇ ಮಾಡಿಸಿಕೊಂಡವಳು. “ಬಾಯಿಮಾತಿಗೆ ಮೂರು ಕಾಸಿನ ಬೆಲೆಯಿಲ್ಲ ಬೆರಿಲ್. ಅವ್ನು ಬರೋದು ಚಹಾಕ್ಕಲ್ಲ, ದಿನ ದೂಡೋಕೆ. ನೀನು ಕೇಕ್ ಬೇರೆ ಕೊಯ್ದು ಕೊಡ್ತೀಯಲ್ಲ ತಾಯಿ!” ಎಂದಳು. ನನ್ನ ಮುಖಕ್ಕೆ ಹಾಗೆ ಅಂದವರು ಈ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಮರುದಿನವೇ ಅವಳ ವಕೀಲರ ಬಾಗಿಲು ತಟ್ಟಿದೆ.

ಇವತ್ತು ಅವನು ಮತ್ತೆ ಬಂದಿದ್ದ. ನೋಟಿಸು ಸಿದ್ಧವಾಗಿ ಪಕ್ಕದ ಕೋಣೆಯಲ್ಲಿತ್ತು. ನಿನ್ನ ಸಹಿಯೊಂದು ಉಳಿದಿದೆ ಎಂದು ಅವನಿಗೆ ವಾಸನೆ ಹತ್ತಿದರೆ, ನಿನ್ನ ಪಾಲಿಗೆ ಬೆಲೆ ಕಟ್ಟಲು ಅವನು ನನಗಿಂತ ಮೊದಲು ನಿನ್ನ ಬಾಗಿಲಿಗೆ ಬರುತ್ತಾನೆಂದು ಗೊತ್ತಿತ್ತು. ನಗುಮುಖದಲ್ಲೇ ಚಹಾ ಬಗ್ಗಿಸಿದೆ. ಕೆಲಸದಿಂದ ಬಂದ ನೈಜೆಲ್ ಅವನೆದುರು ನಿಂತು ನೇರವಾಗಿ ಕೇಳಿಬಿಟ್ಟ:

“ಪೇಪರ್ ತಂದ್ರಾ?”

“ಮುಂದಿನ ವಾರ ಖಂಡಿತಾ, ದೊರೆ.”

“ಹೋದ ಸಲಾನೂ ಮುಂದಿನ ವಾರಾನೇ ಅಂದ್ರಿ. ನಿಮ್ದು ಯಾವ ವಾರ?”

ಪೆನ್ನಕ್ ನಕ್ಕ. ಆಮೇಲೆ ನನ್ನನ್ನು ನೋಡಿದ, ಸ್ವಲ್ಪ ಜಾಸ್ತಿ ಹೊತ್ತೇ ನೋಡಿದ. “ಮಗಳು ಹೇಗಿದ್ದಾಳೆ? ಇಪ್ಸ್‌ವಿಚ್ ಅಲ್ವಾ?” ಎಂದ. “ಚೆನ್ನಾಗಿದ್ದಾಳೆ, ಸಕ್ಕರೆ ಒಂದಾ ಎರಡಾ?” ಎಂದೆ. ಅವನು ಮೆಟ್ಟಿಲಿಳಿದು ಹೋದ ಕೂಡಲೇ ಗ್ಲೆನಿಸ್ ಬಾಗಿಲು ಬಡಿದೆ.

ಈಗ ನಿನ್ನ ಮಾತಿಗೆ ಬರುತ್ತೇನೆ. “ಸಹಿ ಹಾಕಿದ್ರೆ ನೈಜೆಲ್‌ನ ನನ್ನ ಕೊರಳಿಗೆ ಕಟ್ಟಿದ ಹಾಗೇ ಅಲ್ವಾ? ನೀನು ಹೋದ್ಮೇಲೆ ನಾನೇ ತಾನೆ?” ಎಂದು ಹೇಳಿ ನೀನು ಫೋನಿಟ್ಟೆ. ಅದಕ್ಕೆ ಉತ್ತರವನ್ನು ತಡವಾಗಿಯಾದರೂ ಕೊಡುತ್ತಿದ್ದೇನೆ.

ನಮ್ಮ ಬಾಗಿಲಿನಿಂದ ಕೆಫೆಗೆ ಒಬ್ಬನೇ ಹೋಗಿ ಬರುವುದನ್ನು ನೈಜೆಲ್‌ಗೆ ಕಲಿಸಲು ನಾನು ಎಷ್ಟು ಚಳಿಗಾಲ ಅವನ ಹಿಂದೆ ಮರೆಯಲ್ಲಿ ನಡೆದಿದ್ದೇನೆಂದು ನಿನಗೆ ಗೊತ್ತಿಲ್ಲ. ನೀನಾಗಲೇ ಮದುವೆಯಾಗಿ ಹೋಗಿದ್ದೆ. ಈಗ ಅವನು ದಾರಿ ತಪ್ಪಿದರೆ ಮೀನಿನಂಗಡಿಯವನು ತಿರುಗಿಸಿ ಕಳಿಸುತ್ತಾನೆ. ಬೀಗ ಸಿಕ್ಕಿಕೊಂಡರೆ ಗ್ಲೆನಿಸ್ ಇದ್ದಾಳೆ. ಸ್ನಾನ, ಅಡುಗೆ, ಬಟ್ಟೆ ಎಲ್ಲವೂ ಅವನ ಕೈಗೆ ಈ ಮನೆಯಲ್ಲಿ ಮಾತ್ರ ಒಗ್ಗಿವೆ. ಬೇರೆ ಯಾವ ಊರಿನಲ್ಲಾದರೂ ಅವನಿಗೆ ಕಾಯುವವರು ಬೇಕು, ಇಲ್ಲಿ ಬೇಡ. ಈ ಮನೆ ಕೈತಪ್ಪಿದ ದಿನವೇ ಅವನು ನಿನ್ನ ಕೊರಳಿಗೆ ಬೀಳುವುದು. ಮನೆ ಉಳಿದರೆ ಅವನಿಗೆ ನೀನು ಬೇಕಾಗಿಲ್ಲ, ಹೀದರ್.

ಇಷ್ಟು ಬರೆಯುವುದು ನನಗೆ ಸುಲಭವಾಗಲಿಲ್ಲ. ನನ್ನ ನಂತರ ನೀನೇ ಬಂದು ಅವನ ಜೊತೆ ಇರುತ್ತೀಯೆಂಬ ಆಸೆ ನನಗಿತ್ತು. ಇವತ್ತೂ ಇದೆ. ಆದರೆ ಸಹಿ ಕೇಳುತ್ತಿರುವುದು ಆ ಆಸೆಯ ಬೆಲೆಯಾಗಿ ಅಲ್ಲ.

ನಾನು ಬೇಡುವವಳಲ್ಲ, ಬೇಡುತ್ತಲೂ ಇಲ್ಲ. ಮನಸ್ಸಿದ್ದರೆ ಸಹಿ ಹಾಕು. ಇಲ್ಲದಿದ್ದರೆ ಹಾಗೇ ಮಡಚಿ ಕೊಡು, ಗ್ಲೆನಿಸ್ ಏನನ್ನೂ ಕೇಳುವುದಿಲ್ಲ. ಅವಳ ಕಾರು ಬೀದಿಯ ತಿರುವಿಗೆ ಬರುವ ತನಕ ನಾನು ಕಿಟಕಿ ಬಿಟ್ಟು ಏಳುವುದಿಲ್ಲ.

ನೀನೂ ನಿನ್ನ ಮನೆಯವರೂ ಸುಖವಾಗಿರಿ. ಯಾವಾಗಲಾದರೂ ಬಂದರೆ ಅಣ್ಣನ ಮನೆಗೆ ನೆಂಟಳಾಗಿ ಬಾ, ಕಾವಲಿಗಲ್ಲ.

ನಿನ್ನ ತಾಯಿ,
ಬೆರಿಲ್ ಟ್ಯಾಪ್ಸೆಲ್