ಟ್ಯಾಂಕಿನ ಮುಚ್ಚಳದ ಬೊಟ್ಟು

ಅಪ್ಪಾ,

ಇದನ್ನು ನೀನು ಓದುವುದಿಲ್ಲ. ಬದುಕಿದ್ದಾಗಲೂ ಯಾರ ಮಾತನ್ನೂ ಕೇಳಿಸಿಕೊಂಡವನಲ್ಲ.

ನಿನ್ನ ಹಳೆಯ ಬೈಕು ಇವತ್ತು ಬೂದಿಕೋಟೆ ರಸ್ತೆಯಲ್ಲಿ ಮತ್ತೆ ಆಫ್ ಆಯಿತು. ಹಿಂದೆ ಕೂತಿದ್ದ ಅಮ್ಮ ಯಾರೂ ಹೇಳದೆಯೇ ಇಳಿದಳು. ಟ್ಯಾಂಕಿನ ಮುಚ್ಚಳ ತೆರೆದೆ. ಗಾಳಿ ಉಸ್ಸೆಂದು ಒಳನುಗ್ಗಿತು, ಗಾಡಿ ಸ್ಟಾರ್ಟ್ ಆಯಿತು. ಮುಚ್ಚಳದ ಸಣ್ಣ ತೂತಿನಲ್ಲಿ ನೀನು ಪ್ರತಿ ಆಯುಧಪೂಜೆಗೂ ಮೆತ್ತಿದ ಗಂಧ ಕುಂಕುಮ ಗಟ್ಟಿಯಾಗಿ ಕೂತಿತ್ತು. ಒಳಗೆ ಗಾಳಿಯಾಡದೆ ಪೆಟ್ರೋಲು ಇಳಿಯುತ್ತಿರಲಿಲ್ಲ, ಅಷ್ಟೇ.

"ಇಳಿಯೇ, ಎಲ್ಲಾ ನಿನ್ ಕಾಲ್ಗುಣ" ಎಂದು ಅವಳನ್ನು ಇಳಿಸಿ, ಪೆಟ್ರೋಲು ನೋಡಲು ನೀನೂ ಇದೇ ಮುಚ್ಚಳ ತೆರೆಯುತ್ತಿದ್ದೆ. ಗಾಡಿ ಹೊರಡುತ್ತಿತ್ತು. ದೊಡ್ಡ ಮೆಕ್ಯಾನಿಕ್ಕು ನೀನು.

ತೂತನ್ನು ಪಿನ್ನಿನಿಂದ ಬಿಡಿಸಿ ಅಮ್ಮನಿಗೆ ತೋರಿಸಿದೆ.

"ಸರಿ ಬಿಡಪ್ಪ. ನೀನ್ ಓಗು, ನಾನ್ ಬಸ್ಸಲ್ಲಿ ಬತ್ತೀನಿ."

ಬಂಗಾರಪೇಟೆಯವರೆಗೂ ಹಿಂದಿನ ಸೀಟು ಖಾಲಿ. ಗಾಡಿ ಎಲ್ಲೂ ನಿಲ್ಲಲಿಲ್ಲ.