ನಾರ್ಬರ್ಟ್ ಮಾಮನಿಗೆ ಬರೆದ ಕ್ಷಮಾಪಣೆ

ಸೇಂಟ್ ಒಡೀಲಿಯಾ, ಐಯೋವಾ
ಜನವರಿ ೨೪, ಬುಧವಾರ

ದನದ ಹರಾಜು ಕಟ್ಟೆಯ ಒಡೆಯರೂ, ನಮ್ಮ ವಾರ್ಡಿನ ಪಕ್ಷದ ಅಧ್ಯಕ್ಷರೂ, ಗವರ್ನರ್ ಸಾಹೇಬರ ಬಲಗೈಯೂ, ದುರದೃಷ್ಟವಶಾತ್ ಅಮ್ಮನಿಗೆ ಒಬ್ಬನೇ ಅಣ್ಣನೂ ಆದ ನಾರ್ಬರ್ಟ್ ಮಾಮನಿಗೆ,

ಸೋದರಳಿಯ ಲಿನಸ್ ಹಲ್ಲು ಕಚ್ಚಿಕೊಂಡು ಮಾಡುವ ವಂದನೆಗಳು.

ನಿಮಗೆ ಲಿಖಿತ ಕ್ಷಮಾಪಣೆ ಸಲ್ಲಿಸುವವರೆಗೆ ನನಗೆ ಗಾಡಿಯ ಕೀಲಿ ಸಿಗುವುದಿಲ್ಲವೆಂದು ಅಮ್ಮ ಆಜ್ಞೆ ಹೊರಡಿಸಿದ್ದಾಳೆ. ಆದ್ದರಿಂದ ಕ್ಷಮಾಪಣೆ ಸಲ್ಲಿಸುತ್ತಿದ್ದೇನೆ. ಸ್ವೀಕರಿಸಿ ಕೃತಾರ್ಥರಾಗಿ. ಆದರೆ ಯಾವುದಕ್ಕೆ ಕ್ಷಮೆ ಎನ್ನುವುದು ದಾಖಲಾಗಬೇಕಲ್ಲ. ಮುಂದೆ ಇತಿಹಾಸಕಾರರು ಗೊಂದಲಕ್ಕೆ ಬೀಳಬಾರದು.

ಕಳೆದ ವಾರದ ಸೋಮವಾರ ಸಂಜೆ ಏಳಕ್ಕೆ, ಮೈನಸ್ ಇಪ್ಪತ್ತರ ಚಳಿಯಲ್ಲಿ, ಶಾಲೆಯ ಊಟದ ಕೋಣೆಯಲ್ಲಿ ನೂರಾ ಹನ್ನೆರಡು ಮಂದಿ ಸೇರಿದ್ದೆವು. ದೇಶದ ಅಧ್ಯಕ್ಷ ಪದವಿಗೆ ನಮ್ಮ ಪಕ್ಷದಿಂದ ಯಾರು ನಿಲ್ಲಬೇಕು ಎಂದು ಹೇಳುವುದು ಆ ಸಭೆಯ ಕೆಲಸ. ಒಬ್ಬೊಬ್ಬ ಅಭ್ಯರ್ಥಿಯ ಪರ ನೆರೆಯವರೊಬ್ಬರು ಎದ್ದು ಎರಡು ನಿಮಿಷ ಮಾತಾಡಬೇಕು, ಆಮೇಲೆ ಚೀಟಿ. ನವೆಂಬರಿನ ಚುನಾವಣೆಯ ಹೊತ್ತಿಗೆ ಹದಿನೆಂಟು ತುಂಬುವ ನನ್ನಂಥವರಿಗೂ ಚೀಟಿ ಕೊಡುವುದು ನಮ್ಮ ರಾಜ್ಯದ ಔದಾರ್ಯ. ಅಭ್ಯರ್ಥಿಗಳಲ್ಲೊಬ್ಬರಾದ ನಿಮ್ಮ ಗವರ್ನರ್ ಪರ ಮಾತಾಡಲು ನೀವು ನನ್ನನ್ನು ಆರಿಸಿದಿರಿ. "ಗರ್ಭದಲ್ಲಿರೋ ಮಗೂನೂ ಮನುಷ್ಯ ಅಂತ ನಂಬೋ ಹುಡುಗ ನೀನು. ಮುದುಕರು ಹೇಳಿದ್ರೆ ಯಾರು ಕೇಳ್ತಾರೋ? ನಿನ್ನ ಮುಖ ನೋಡಿದ್ರೆ ಅಜ್ಜಿಯರು ಕರಗಿ ಹೋಗ್ತಾರೆ," ಎಂದು ಟೈಪು ಮಾಡಿದ ಹಾಳೆಯನ್ನೂ ಕೈಗಿಟ್ಟಿರಿ.

ನಂಬುತ್ತೇನೆ ಮಾಮ. ಅದರಲ್ಲಿ ತಮಾಷೆಯಿಲ್ಲ. ಹದಿಮೂರನೇ ವಯಸ್ಸಿನಿಂದ ನಾಲ್ಕು ಜನವರಿ, ಚರ್ಚಿನ ಬಸ್ಸಿನಲ್ಲಿ ಹದಿನಾರು ಗಂಟೆ ಕೂತು ವಾಷಿಂಗ್ಟನ್ನಿನ ಗರ್ಭಪಾತ ವಿರೋಧಿ ಮೆರವಣಿಗೆಗೆ ಹೋಗಿ ಬಂದವನು ನಾನು. ಯಾರಾದರೂ ಓಟು ಕೇಳಲು ಬಂದರೆ ನಾನು ಮೊದಲು ಕೇಳುವ ಪ್ರಶ್ನೆ ಅದೇ. ಎಷ್ಟೋ ಸಲ ಎರಡನೇ ಪ್ರಶ್ನೆ ಕೇಳುವ ಅಗತ್ಯವೇ ಬಿದ್ದಿಲ್ಲ. ಎದುರು ಪಕ್ಷದವರು ಅದನ್ನು ಜೀವ ಎಂದು ಒಪ್ಪುವುದಿಲ್ಲ. ನಮ್ಮವರು ಒಪ್ಪುತ್ತಾರೆ, ಫೋಟೋ ಚೆನ್ನಾಗಿ ಬರುವುದಾದರೆ.

ಅಕ್ಟೋಬರಿನಲ್ಲಿ ನಿಮ್ಮ ಗವರ್ನರ್ ಹರಾಜು ಕಟ್ಟೆಗೆ ಬಂದಾಗ ಆ ಎರಡನೇ ಪ್ರಶ್ನೆಯನ್ನೂ ಕೇಳಿಬಿಟ್ಟೆ: "ಸರ್, ಆರು ವಾರ ಆದ್ಮೇಲೆ ಗರ್ಭ ತೆಗೆಸೋ ಹಾಗಿಲ್ಲ ಅಂತೀರಿ, ಸರಿ. ಹುಟ್ಟಿದ ಮೇಲಿನ ಆರು ವಾರ ಆ ತಾಯಿ ಕೆಲಸಕ್ಕೆ ಹೋಗದೇ ಇರೋಕೆ ಏನು ಮಾಡ್ತೀರಿ?" ಅವರು ನನ್ನ ಭುಜ ತಟ್ಟಿ, "ಎಂಥಾ ಹುಡುಗ!" ಎಂದು ಕ್ಯಾಮೆರಾ ಕಡೆ ತಿರುಗಿದರು. ಅವರ ಎದುರಾಳಿ ಅಭ್ಯರ್ಥಿ ಸೆನೆಟರ್ ಮೇಡಂ ಬಂದಾಗಲೂ ಕೇಳಿದೆ. ಅವರು ಹದಿನೈದು ವಾರ ಎಂದರು. ನಾನು ಕೇಳಿದ್ದು ಅದಲ್ಲ ಎಂದೆ. "ದೇವರು ಒಳ್ಳೇದು ಮಾಡ್ಲಿ ಮರಿ" ಎಂದರು.

ಇನ್ನು ಕೊಲೆಟ್ ಅಕ್ಕನ ವಿಷಯ. ಅವಳಿಗೆ ಇಪ್ಪತ್ತು, ಹುಡುಗ ನೆಬ್ರಾಸ್ಕಾಕ್ಕೆ ಹೋಗಿ ಫೋನ್ ನಂಬರ್ ಬದಲಾಯಿಸಿದ. ಅವಳು ಮಗುವನ್ನು ಉಳಿಸಿಕೊಂಡಳು. ನಿಮ್ಮ ಕಟ್ಟೆಯ ಕ್ಯಾಂಟೀನಿನಲ್ಲಿ ಪೈ ಕತ್ತರಿಸುತ್ತಿದ್ದವಳು ಕಾಲು ಊದಿ ನವೆಂಬರಿನಲ್ಲಿ ಒಂದು ಸ್ಟೂಲು ಕೇಳಿದಳು. "ಗಿರಾಕಿಗಳ ಮುಂದೆ ಕೂತ್ಕೊಂಡು ಕೆಲಸ ಮಾಡಿದ್ರೆ ಚೆನ್ನಾಗಿ ಕಾಣಲ್ಲಮ್ಮ. ಮನೇಲಿ ಆರಾಮಾಗಿರು," ಎಂದು ಕಳಿಸಿದವರು ನೀವು. ಅದೇ ತಿಂಗಳ ಕೊನೆಗೆ ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ, ಆಲೂಗಡ್ಡೆಯ ಬೋಗುಣಿ ಹಿಡಿದು ನಗುತ್ತಿದ್ದ ಅವಳ ಫೋಟೋ ತೆಗೆದವರೂ ನೀವೇ. ಹೊಸ ವರ್ಷದ ವಾರ ಆ ಫೋಟೋ ಗವರ್ನರ್ ಪ್ರಚಾರದ ಕಾರ್ಡಿನ ಮೇಲೆ ಮೂರು ಕೌಂಟಿಯ ಮನೆಮನೆಗೂ ಬಂತು: "ಇವಳು ಜೀವವನ್ನು ಆರಿಸಿಕೊಂಡಳು. ನೀವು?" ಅವಳನ್ನು ಒಂದು ಮಾತು ಕೇಳಿರಲಿಲ್ಲ. ಅವಳ ಹೊಟ್ಟೆಯ ಸುದ್ದಿ ಅವಳದೇ ಅಂಚೆಪೆಟ್ಟಿಗೆಯಲ್ಲಿ ಅವಳಿಗೆ ಸಿಕ್ಕಿತು.

"ಅದು ಹೊಗಳಿಕೆ ಕಣಮ್ಮ, ಬೇಜಾರೇನು?" ಎಂದಿರಂತೆ.

ಹಾಗಾಗಿ ಸೋಮವಾರ ನಾನು ಎದ್ದು ವೇದಿಕೆ ಹತ್ತಿ ನಿಂತೆ. ನಿಮ್ಮ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟೆ. ನಿಮ್ಮದೇ ಧಾಟಿಯಲ್ಲಿ, ಗುರುವಾರದ ಕರುಗಳನ್ನು ಮಾರುವ ಆ ಒಂದೇ ಉಸಿರಿನ ರಾಗದಲ್ಲಿ ಶುರುಮಾಡಿದೆ: "ಆರು ವಾರ ಆರು ವಾರ ಆರಕ್ಕೆ ಯಾರು? ಮೇಡಂ ಕಡೆಯಿಂದ ಹದಿನೈದು! ಹದಿನೈದು ಬಂತು ಹದಿನೈದು, ಇಳಿಸೋರು ಯಾರಾದ್ರೂ ಇದ್ದೀರಾ ಸ್ವಾಮಿ? ಮುಂದಿನ ಬಾಬ್ತು ನೋಡಿ: ಇಪ್ಪತ್ತು ವರ್ಷದ ಹುಡುಗಿ, ಏಳು ತಿಂಗಳು, ಸಾಧು, ಫೋಟೋ ಸಮೇತ! ಸ್ಟೂಲು ಮಾತ್ರ ಕೊಡಕ್ಕಾಗಲ್ಲ! ಒಂದು ಸಾರಿ, ಎರಡು ಸಾರಿ, ಗವರ್ನರಿಗೆ ಮಾರಿದೆ!" ಎಂದು ಬೂಟು ತೆಗೆದು ಮೇಜಿಗೆ ಬಡಿದೆ.

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ನಿಮ್ಮ ಕಿವಿ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದ್ದನ್ನು ನಾನು ಸಾಯುವವರೆಗೂ ನೆನಪಿಟ್ಟುಕೊಳ್ಳುತ್ತೇನೆ. ಫಾದರ್ ಆಂಬ್ರೋಸ್ ಕೆಮ್ಮಿದ್ದು ಕೆಮ್ಮಲ್ಲವೆಂದು ಪ್ರಮಾಣ ಮಾಡಿ ಹೇಳಬಲ್ಲೆ. ನೀವು "ಲೇ ಲಿನಸ್, ಇಳಿಯೋ ಕೆಳಗೆ! ನಿಮ್ಮಪ್ಪ ಇದ್ದಿದ್ರೆ ಚರ್ಮ ಸುಲೀತಿದ್ದ!" ಎಂದು ಅರಚಿದ್ದು ಮೈಕಿನಲ್ಲೇ ಕೇಳಿಸಿತು. ಈ ಮೂರಕ್ಕೂ ಸಂಬಂಧಿಸಿದಂತೆ ನನ್ನಲ್ಲಿ ಕ್ಷಮೆಯ ದಾಸ್ತಾನು ಇಲ್ಲ.

ಮತ ಎಣಿಸುವಾಗ ಒಂದು ಖಾಲಿ ಚೀಟಿ ಸಿಕ್ಕಿ ನೀವು ಅದನ್ನು ಹಿಂದೆ ಮುಂದೆ ತಿರುಗಿಸಿ ಬೆಳಕಿಗೆ ಹಿಡಿದು ನೋಡಿದಿರಲ್ಲ, ಅದು ನನ್ನದು. ಜೀವನದ ಮೊದಲ ಓಟು. ಹಿಂಭಾಗದಲ್ಲೂ ಏನೂ ಇರಲಿಲ್ಲ.

ಆದರೆ ನಗು ಏಳುತ್ತಿದ್ದಾಗಲೇ ನಾನು ಕಂಡದ್ದನ್ನು ನೀವು ಕಾಣಲಿಲ್ಲ. ಕೋಣೆಯ ಕೊನೆಯಲ್ಲಿ ಕೊಲೆಟ್ ಅಕ್ಕ ನಿಂತಿದ್ದಳು, ಅಮ್ಮನ ಹಳೇ ಕೋಟಿನಲ್ಲಿ, ಗುಂಡಿ ಹಾಕಲಾಗದೆ. ಅವಳು ಬರುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಎಲ್ಲರೂ ಅವಳ ಕಡೆ ತಿರುಗಿ ನಕ್ಕರು. ಅವಳ ಕೈಯಲ್ಲಿ ಒಂದು ಹಾಳೆ ಇತ್ತು. ಅವಳು ಅದನ್ನು ಕೋಟಿನ ಒಳಗೆ ತುರುಕಿ ಹೊರಟುಹೋದಳು.

ನಿಮ್ಮ ಮನೆಯಾಕೆ ವಿಲ್ಮಾ ಅತ್ತೆ ಮರುದಿನ ಫೋನಿನಲ್ಲಿ ಹೇಳಿದರು: "ಅವಳೂ ಎರಡು ನಿಮಿಷ ಕೇಳಿದ್ಳು ಕಣೋ ಪಾಪಿ. ಪಟ್ಟೀಲಿ ಕೊನೇ ಹೆಸರು ಅವಳದ್ದೇ ಇತ್ತು. ಯಾರ ಪರಾನೂ ಅಲ್ಲ, ತನ್ನ ಪರ. ಮೂರು ದಿನ ಕೂತು ಬರೆದಿದ್ಳು. ನೀನು ಹಾಗೆ ಕುಣಿದ ಮೇಲೆ ಅವಳು ಏನು ಮಾತಾಡ್ಬೇಕು?"

ಆ ರಾತ್ರಿಯಿಂದ, ಅಂದರೆ ಒಂಬತ್ತು ದಿನದಿಂದ, ಅವಳಿಗೆ ನಿಮ್ಮ ಮನೆಯ ಹೊಲಿಗೆ ಕೋಣೆಯೇ ಮನೆ. ನಾನು ಅವಳ ಹೊಟ್ಟೆ ತೋರಿಸಿ ನಗಿಸಿದವನು, ನೀವು ಹೊಟ್ಟೆ ತೋರಿಸಿ ಓಟು ಕೇಳಿದವರು. ಅವಳು ನಿಮ್ಮ ಸೂರನ್ನು ಆರಿಸಿಕೊಂಡಿದ್ದಾಳೆ. ನಿಮ್ಮಲ್ಲಿ ಕನಿಷ್ಠ ವಿಲ್ಮಾ ಅತ್ತೆ ಇದ್ದಾರೆ, ತೊಟ್ಟಿಲಿಗೆ ಬಣ್ಣ ಬಳಿಯುತ್ತಿದ್ದಾರಂತೆ. ಈ ವಾಕ್ಯ ಬರೆಯಲು ನನಗೆ ಒಂದು ಗಂಟೆ ಹಿಡಿಯಿತು.

ಆದ್ದರಿಂದ ಕ್ಷಮಾಪಣೆಯ ಸಾರಾಂಶ: ನಿಮ್ಮ ಕಿವಿಯ ಬಣ್ಣಕ್ಕೆ ಅಲ್ಲ, ಗವರ್ನರರ ಘನತೆಗೆ ಅಲ್ಲ, ನಿಮ್ಮ ಸಭೆಯ ಶಿಸ್ತಿಗೆ ಅಲ್ಲ. ನಾನು ಕದ್ದದ್ದು ಅಕ್ಕನ ಎರಡು ನಿಮಿಷ. ಅವಳಿಗೆ ಬರೆದ ಮೂರು ಕಾಗದ ಒಡೆಯದೆ ವಾಪಸ್ಸು ಬಂದಿವೆ. ನಿಮಗೆ ಬರೆದದ್ದನ್ನಾದರೂ ನೀವು ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿ ಬೈಯುತ್ತೀರಿ, ಅವಳ ಕಿವಿಗೆ ಬೀಳುತ್ತದೆ ಎನ್ನುವುದೇ ಈ ಪತ್ರದ ಆಸೆ. ಗಟ್ಟಿಯಾಗಿ ಓದಿ ಮಾಮ. ಹೇಗೂ ನಿಮಗೆ ಮೆಲ್ಲಗೆ ಓದಿ ಅಭ್ಯಾಸವಿಲ್ಲ.

ನಿಮ್ಮ ಮೇಲೆ ಕೋಪ ಹಾಗೇ ಇಟ್ಟುಕೊಂಡಿರುವ,
ಲಿನಸ್ ವಾಸ್ಕೆ

ಮರೆತ ಮಾತು: ಮೇಲಿನದನ್ನು ಅಮ್ಮ ಓದಿ, ಮೂಗು ಮುರಿದು, ಕೀಲಿ ಕೊಟ್ಟಳು. ಇದನ್ನು ಅಂಚೆ ಕಚೇರಿಯ ಮುಂದೆ ಗಾಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಇದನ್ನು ಗಟ್ಟಿಯಾಗಿ ಓದಬೇಡಿ. ಸೆಪ್ಟೆಂಬರಿನಲ್ಲಿ ಅಕ್ಕ ವಿಷಯ ಮೊದಲು ಹೇಳಿದ್ದು ಅಮ್ಮನಿಗಲ್ಲ, ನನಗೆ. ನನ್ನ ಚೀಲದ ಮೇಲೆ ನಾಲ್ಕು ವರ್ಷದ ಮೆರವಣಿಗೆಯ ಬಿಲ್ಲೆಗಳು ಇದ್ದವು. ನನ್ನ ಬಾಯಿಂದ ಬಂದ ಮೊದಲ ಮಾತು, "ಯಾರಿಗೂ ಗೊತ್ತಾಗಲ್ಲ ಅಕ್ಕ. ನದಿ ದಾಟಿದ್ರೆ ಇಲಿನಾಯ್, ಅಲ್ಲಿ ತೆಗೆಸ್ಕೋಬಹುದು. ನಾನೇ ಕರ್ಕೊಂಡು ಹೋಗ್ತೀನಿ." ಅವಳು ಆ ಸಹಾಯ ಕೇಳಿರಲಿಲ್ಲ, ಸುಮ್ಮನೆ ಪಕ್ಕದಲ್ಲಿ ಕೂರಲು ಬಂದಿದ್ದಳು. ಇಂದಿನವರೆಗೂ ಅವಳು ಯಾರ ಹತ್ತಿರವೂ ಈ ಮಾತು ಎತ್ತಿಲ್ಲ. ಆ ದಿನ ನನಗೆ ಮಾತ್ರ ಹೇಳಿದಳು: "ಎಲ್ಲರೂ ಹಾಗೆ ಅಂತಾರೆ ಅಂತ ಗೊತ್ತಿತ್ತು. ನೀನು ಅನ್ನಲ್ಲ ಅಂತಾನೇ ಮೊದಲು ನಿನ್ನ ಹತ್ರ ಬಂದೆ ಕಣೋ."