ಆಸಿಡ್ ಬಿದ್ದ ಕಣ್ಣಿಗೆ ನನ್ನ ಮಗಳು ಸುಣ್ಣದ ನೀರು ಹಾಕಿದಳು

ಮಾನ್ಯ ಶಿಕ್ಷಣಾಧಿಕಾರಿಗಳೇ,

ನನ್ನ ಗಂಡನ ಎಡಗಣ್ಣು ಹೋಗಿದೆ. ಅದನ್ನು ವಾಪಸು ಕೊಡಿ ಎಂದು ಕೇಳುತ್ತಿಲ್ಲ. ಅದು ತಮ್ಮ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ತಮ್ಮ ಕಚೇರಿಯವರು ಆಗಲೇ ತಿಳಿಸಿದ್ದಾರೆ. ನಾನು ಕೇಳುತ್ತಿರುವುದು ನನ್ನ ಮಗಳನ್ನು. ಹತ್ತನೇ ತರಗತಿಯ ತನುಜಾ ಈಗ ಶಾಲೆಗೆ ಹೋಗುತ್ತಿಲ್ಲ, ಅಪ್ಪನ ಮುಖ ನೋಡುತ್ತಿಲ್ಲ, ಕೋಣೆಯ ಬಾಗಿಲು ತೆಗೆಯುವುದೇ ಅಪರೂಪ. ಪರೀಕ್ಷೆ ಹತ್ತಿರ ಬಂದಿದೆ. ನನಗೆ ಪರೀಕ್ಷೆಯ ಚಿಂತೆಯಿಲ್ಲ, ಅವಳು ಏನು ಮಾಡಿಕೊಂಡುಬಿಡುತ್ತಾಳೋ ಎಂಬ ಭಯ.

ನಡೆದದ್ದು ಇಷ್ಟು. ನನ್ನ ಗಂಡ ಪ್ರತಾಪ್ ವನಗೂರು ಕಡೆಯ ಎಸ್ಟೇಟ್‌ಗಳಿಗೆ ಜೀಪ್ ಓಡಿಸುತ್ತಿದ್ದರು. ಒಂದು ಬೆಳಿಗ್ಗೆ ಅಂಗಳದಲ್ಲಿ ಜೀಪಿನ ಬ್ಯಾಟರಿ ಇಳಿಸುವಾಗ ಕೈಜಾರಿ ಆಸಿಡ್ ಕಣ್ಣಿಗೆ ಸಿಡಿಯಿತು. ನಾನು ಬರೀ ಕೂಗಿಕೊಂಡೆ. ತನುಜಾ ಮಾತ್ರ ಒಳಗೆ ಓಡಿ, ಅಜ್ಜಿಯ ಎಲೆಅಡಿಕೆ ತಟ್ಟೆಯಿಂದ ಸುಣ್ಣ ತಂದು ಲೋಟದ ನೀರಿನಲ್ಲಿ ಕದಡಿದಳು. "ಅಪ್ಪನ ತಲೆ ಗಟ್ಯಾಗಿ ಹಿಡ್ಕೊಳಮ್ಮ. ಆಸಿಡ್‌ಗೆ ಸುಣ್ಣ ಹಾಕುದ್ರೆ ಸರಿಯಾಗ್ತೈತೆ, ಪಾಠದಲ್ಲೇ ಐತೆ" ಎಂದಳು. ನಾನು ಹಿಡಿದುಕೊಂಡೆ. ಓದುವ ಮಗಳು, ಅವಳಿಗೆ ತಿಳಿದಿರುತ್ತದೆ ಎಂದುಕೊಂಡೆ.

ದಯವಿಟ್ಟು ನಗಬೇಡಿ. ಚಗಳಿ ಇರುವೆ ಕಚ್ಚಿದರೆ ನಾವು ಸುಣ್ಣ ಹಚ್ಚುತ್ತೇವೆ. ತೋಟದ ಮಣ್ಣು ಹುಳಿಯಾದರೆ ಕಾಫಿ ಗಿಡಗಳ ಬುಡಕ್ಕೆ ಸುಣ್ಣ ಎರಚುತ್ತೇವೆ. ಪುಸ್ತಕವೂ ಆಮ್ಲವನ್ನು ಪ್ರತ್ಯಾಮ್ಲ ತಟಸ್ಥಗೊಳಿಸುತ್ತದೆ, ಲವಣ ಮತ್ತು ನೀರು ಉಂಟಾಗುತ್ತವೆ ಎಂದೇ ಹೇಳಿತು. ಕಿರುಪರೀಕ್ಷೆಯಲ್ಲಿ ಅದನ್ನೇ ಬರೆದು ಅವಳು ಪೂರ್ಣ ಅಂಕ ತೆಗೆದುಕೊಂಡಿದ್ದಳು.

ಹಾಸನದ ಕಣ್ಣಿನ ಡಾಕ್ಟರು ಹೇಳಿದ್ದು ಬೇರೆ. "ಬರೀ ನೀರಲ್ಲಿ ತೊಳೀತಾ ಇರ್ಬೇಕಿತ್ತಮ್ಮ. ಆಸಿಡ್‌ಗಿಂತ ಸುಣ್ಣವೇ ಒಳಗಿಳಿದು ಸುಟ್ಟಿದೆ." ನಮ್ಮ ಅಂಗಳದಲ್ಲಿ ಗುಡ್ಡದ ನೀರು ಪೈಪಿನಲ್ಲಿ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ. ಆ ಪೈಪಿನ ಪಕ್ಕದಲ್ಲೇ ನಿಂತು ನಾವು ಇದನ್ನೆಲ್ಲ ಮಾಡಿದೆವು.

ನಮ್ಮೂರ ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕರಿಲ್ಲ. ಹಿಂದಿ ಮೇಷ್ಟ್ರು, ಪಾಪ, ಪುಸ್ತಕ ಓದಿ ಹೇಳುತ್ತಾರೆ. ಪ್ರಯೋಗಾಲಯವೆಂದರೆ ಬೀಗ ಜಡಿದ ಒಂದು ಬೀರು. ಸಾಮಾನು ಒಡೆದರೆ ಮೇಲಿನವರಿಗೆ ಉತ್ತರ ಕೊಡಬೇಕೆಂಬ ಹೆದರಿಕೆಗೆ ಅದನ್ನು ಯಾರೂ ತೆಗೆಯುವುದಿಲ್ಲ. ತಮ್ಮ ಇಲಾಖೆ ಗಾಜನ್ನು ಎಷ್ಟು ಜೋಪಾನವಾಗಿ ಕಾಪಾಡಿದೆ ನೋಡಿ! ಆಮ್ಲಕ್ಕೆ ಪ್ರತ್ಯಾಮ್ಲ ಸೇರಿಸಿದಾಗ ಪ್ರನಾಳ ಬಿಸಿಯಾಗುವುದನ್ನು ನನ್ನ ಮಗಳು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿದ್ದರೆ, ಅದೇ ಪ್ರಯೋಗವನ್ನು ಅಪ್ಪನ ಕಣ್ಣಿನಲ್ಲಿ ಮಾಡುತ್ತಿದ್ದಳೇ? ಮೈಮೇಲೆ ಸಿಡಿದರೆ ಮೊದಲು ನೀರು, ಬರೀ ನೀರು ಎಂದು ಹೇಳಿಕೊಡಲು ಯಾವ ಅನುದಾನ ಬಿಡುಗಡೆಯಾಗಬೇಕಿತ್ತು?

ಇದನ್ನೇ ಕೇಳಲು ತಮ್ಮ ಕಚೇರಿಗೆ ಬಂದಿದ್ದೆ. "ಪಠ್ಯದಲ್ಲಿ ದೋಷವಿಲ್ಲ, ಇದು ವಿದ್ಯಾರ್ಥಿನಿಯ ಅಚಾತುರ್ಯ" ಎಂದರು ತಮ್ಮ ಕಚೇರಿಯವರು. ಆ ವಿದ್ಯಾರ್ಥಿನಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಮನೆಗೆ ಬಂದವಳು ಕೋಣೆ ಸೇರಿದಳು.

ದಿನವೂ ಸಂಜೆ ನನ್ನ ಗಂಡ ಅವಳ ಬಾಗಿಲ ಹೊರಗೆ ಕೂರುತ್ತಾರೆ. "ನಿನ್ ತಪ್ಪಲ್ಲ ಕಣವ್ವ. ಇನ್ನೊಂದು ಕಣ್ಣೈತಲ್ಲ, ಅದ್ರಲ್ಲಾದ್ರೂ ನಿನ್ನ ನೋಡ್ತೀನಿ, ಈಚೆಗೆ ಬಾ" ಎನ್ನುತ್ತಾರೆ.

"ನೀನು ಅಪ್ಪ, ಅಂಗೇ ಅಂತೀಯ. ತಪ್ಪು ನಂದೇ ಅಂತ ಆಪೀಸ್ನೋರು ಹೇಳ್ಬುಟ್ರಲ್ಲ" ಎಂದು ಒಳಗಿನಿಂದ ಮಗಳು ಹೇಳುತ್ತಾಳೆ.

ನಮ್ಮ ಮಾತು ಅವಳಿಗೆ ತಾಗುತ್ತಿಲ್ಲ ಸ್ವಾಮಿ. ಶಿಕ್ಷಕರನ್ನು ಕಳಿಸುವುದು, ಬೀರು ತೆಗೆಸುವುದು ತಮ್ಮ ಕೆಲಸ, ಅದನ್ನು ನಾನು ಬೇಡುವುದಿಲ್ಲ. ಬೇಡುವುದು ಒಂದನ್ನೇ. ತಾವೇ ಖುದ್ದಾಗಿ ನಮ್ಮ ಮನೆಗೆ ಬನ್ನಿ. ಕಲಿಸದೆ ಬಿಟ್ಟವರು ನಾವು, ತಪ್ಪು ನಿನ್ನದಲ್ಲ ಮಗು ಎಂದು ಅವಳಿಗೆ ಕೇಳುವಂತೆ ಹೇಳಿ ಹೋಗಿ. ಅವಳು ಬಾಗಿಲು ತೆಗೆಯದಿದ್ದರೆ ಹೊರಗೆ ನಿಂತೇ ಹೇಳಿ. ನಾವೂ ದಿನವೂ ಹಾಗೆಯೇ ಹೇಳುತ್ತಿದ್ದೇವೆ.

ಇಂತಿ,
ಇನ್ನು ಯಾರನ್ನು ಕರೆತರಬೇಕೆಂದು ತಿಳಿಯದ ತಾಯಿ,
ಪುಷ್ಪಾ